ತಳದಿಂದ ಇಳಿಸುವುದೋ, ಮೇಲಿಂದ ಹೀರುವುದೋ: ಬೈಕಿನ ಆಯಿಲ್ ಬದಲಿಸುವ ಎರಡು ವಿಧಾನಗಳು

ಮೋಟಾರ್‌ಸೈಕಲ್ಲಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸುವವರು ಹಳೆಯ ಆಯಿಲನ್ನು ಎರಡು ರೀತಿಯಲ್ಲಿ ಹೊರತೆಗೆಯಬಹುದು. ಎಂಜಿನ್ನಿನ ತಳದಲ್ಲಿರುವ ಡ್ರೈನ್ ಬೋಲ್ಟನ್ನು ಬಿಚ್ಚಿ ಅದು ತಾನಾಗಿ ಇಳಿಯಲು ಬಿಡುವುದು ಒಂದು. ಆಯಿಲ್ ತುಂಬುವ ಬಾಯಿಯಿಂದ ತೆಳುವಾದ ಕೊಳವೆಯನ್ನು ಒಳಗಿಳಿಸಿ ಕೈಪಂಪಿನಿಂದ ಮೇಲಕ್ಕೆ ಹೀರುವುದು ಇನ್ನೊಂದು. ಹಲವು ವರ್ಷ ಮೊದಲನೆಯದನ್ನೇ ಮಾಡಿಕೊಂಡು ಬಂದ ನಾನು, ಒಮ್ಮೆ ಬೋಲ್ಟ್ ಕೂರುವ ರಂಧ್ರದ ಥ್ರೆಡ್ (ಒಳಗಿನ ತಿರುಪಿನ ಸುತ್ತುಗಳು) ಕೆಡಿಸಿಕೊಂಡ ಮೇಲೆ ಪಂಪ್ ಕೊಂಡು ತಂದೆ. ನಾಲ್ಕು ಬಾರಿ ಅದರಿಂದಲೇ ಕೆಲಸ ಮುಗಿಸಿ, ಐದನೆಯ ಬಾರಿ ಎರಡನ್ನೂ ಒಂದರ ಹಿಂದೊಂದರಂತೆ ಪ್ರಯೋಗಿಸಿ ಅಳೆದು ನೋಡಿದೆ. ಗಾಡಿ 150 ಸಿಸಿಯ, ಒಂದೇ ಸಿಲಿಂಡರಿನ ಸಾಮಾನ್ಯ ಬೈಕು. ಆಯಿಲ್ ಬದಲಿಸುವಾಗ 1 ಲೀಟರ್ ಹಾಕಬೇಕೆಂದು ಅದರ ಕೈಪಿಡಿ ಹೇಳುತ್ತದೆ.

ಥ್ರೆಡ್ ಕೆಟ್ಟದ್ದು ಸಂಪೂರ್ಣವಾಗಿ ನನ್ನದೇ ತಪ್ಪು. ಬೋಲ್ಟ್ ಉಕ್ಕಿನದು, ಅದು ಕೂರುವ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಭಾಗದ ಕವಚ, ಅಲ್ಯೂಮಿನಿಯಂನದು. ಎರಡರ ನಡುವೆ ಜಗಳವಾದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ಆಯಿಲ್ ಸೋರಬಾರದೆಂಬ ಭಯಕ್ಕೆ ಉದ್ದ ಹಿಡಿಯ ಸ್ಪ್ಯಾನರಿನಿಂದ ಇನ್ನೊಂದು ಚೂರು ಎಳೆದಾಗ, ಅಲ್ಲಿಯವರೆಗೆ ಬಿಗಿಯಾಗುತ್ತ ಬಂದಿದ್ದ ಬೋಲ್ಟ್ ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಸಡಿಲವಾಯಿತು. ಹೊರತೆಗೆದು ನೋಡಿದರೆ ಅದರ ಸುತ್ತುಗಳಲ್ಲಿ ಬೆಳ್ಳಿಯ ಎಳೆಯಂತಹ ಅಲ್ಯೂಮಿನಿಯಂ ಸುರುಳಿ ಸಿಕ್ಕಿಕೊಂಡಿತ್ತು. ರಂಧ್ರವನ್ನು ಕೊರೆಸಿ ಹೊಸ ಥ್ರೆಡ್ ಕೂರಿಸುವವರೆಗೆ ಗಾಡಿ ನಿಂತಲ್ಲೇ ನಿಂತಿತು.

ಇಂತಹ ಅನುಭವವಾದವರಿಗೆ ಪಂಪ್ ಎಷ್ಟು ಹಿತವೆನಿಸುತ್ತದೆಂದು ಬೇರೆ ಹೇಳಬೇಕಿಲ್ಲ. ನೆಲದ ಮೇಲೆ ಮಲಗಬೇಕಿಲ್ಲ, ವಾಷರ್ ಬದಲಿಸಬೇಕಿಲ್ಲ, ಬಿಸಿ ಸೈಲೆನ್ಸರ್ ಕೊಳವೆಯ ಪಕ್ಕದಲ್ಲಿ ಮಣಿಕಟ್ಟನ್ನು ಸುಟ್ಟುಕೊಳ್ಳುವ ಸಂಭವವೂ ಇಲ್ಲ. ಹಳೆಯ ಆಯಿಲ್ ನೇರವಾಗಿ ಮುಚ್ಚಿದ ಡಬ್ಬಿಗೆ ಬೀಳುವುದರಿಂದ ಅದನ್ನು ಚೆಲ್ಲದೆ ಸಂಗ್ರಹಕಾರರಿಗೆ ತಲುಪಿಸುವುದೂ ಸುಲಭ. ಸಮಯ ಮಾತ್ರ ಹೆಚ್ಚು ಬೇಕು: ಆಯಿಲ್ ಬೆಚ್ಚಗಿದ್ದರೂ ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ತಣ್ಣಗಿದ್ದಾಗ ಕೈ ಸೋಲುವವರೆಗೆ ಒತ್ತಬೇಕಾಯಿತು. ಕೊಳವೆ ಒಳಗಿರುವಾಗ ಅಪ್ಪಿತಪ್ಪಿಯೂ ಕಿಕ್ ಹೊಡೆಯಬಾರದು.

ಆದರೆ ಅಳತೆ ಬೇರೆಯದೇ ಕಥೆ ಹೇಳಿತು. ಎಂಜಿನ್ನನ್ನು ಐದು ನಿಮಿಷ ಓಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೊಳವೆಯಲ್ಲಿ ಬರೀ ಗುಳ್ಳೆ ಬರುವವರೆಗೆ ಹೀರಿದಾಗ ಅಳತೆ ಜಗ್ಗಿನಲ್ಲಿ ಸಿಕ್ಕಿದ್ದು 760 ಮಿಲಿಲೀಟರ್. ಗಾಡಿಯನ್ನು ಅಲುಗಿಸದೆ ಹಾಗೆಯೇ ಡ್ರೈನ್ ಬೋಲ್ಟ್ ಬಿಚ್ಚಿದೆ. ಇನ್ನೂ 170 ಮಿಲಿಲೀಟರ್ ಇಳಿಯಿತು! ಒಟ್ಟು ಇಳಿದದ್ದರಲ್ಲಿ ಐದನೆಯ ಒಂದು ಪಾಲಿಗೆ ಹತ್ತಿರದಷ್ಟು ಹಳೆಯ ಆಯಿಲನ್ನು ಪಂಪ್ ಒಳಗೇ ಬಿಟ್ಟಿತ್ತು ಎಂದಾಯಿತು. ಈ ಬೈಕಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಅದು ನಿಲ್ಲುವ ಎಂಜಿನ್ನಿನ ತಳ ಬಾಣಲೆಯಂತೆ ನುಣುಪಾಗಿರದೆ ಅಡ್ಡಗೋಡೆಗಳಿಂದಲೂ ಗುಳಿಗಳಿಂದಲೂ ತುಂಬಿರುವುದರಿಂದ ಕೊಳವೆ ಎಲ್ಲೋ ತಗುಲಿ ಬಾಗುತ್ತದೆಯೇ ಹೊರತು ಅತಿ ತಗ್ಗಿನ ಜಾಗವನ್ನು ಮುಟ್ಟುವುದಿಲ್ಲ.

ಉಳಿದದ್ದರ ಪ್ರಮಾಣಕ್ಕಿಂತ ಅದರ ಗುಣ ನನ್ನನ್ನು ಹೆಚ್ಚು ಕಾಡಿತು. ನನ್ನ ಡ್ರೈನ್ ಬೋಲ್ಟಿನ ತುದಿಯಲ್ಲಿ ಆಯಸ್ಕಾಂತವಿದೆ. ಪಂಪ್ ಬಳಸಿದ ನಾಲ್ಕು ಬದಲಾವಣೆಗಳ ಅವಧಿಯಲ್ಲಿ ಒಮ್ಮೆಯೂ ಹೊರಬಂದಿರದ ಆ ತುದಿಗೆ ಕಾಡಿಗೆಯಂತಹ ಬೂದು ಲೇಪ ದಪ್ಪನಾಗಿ ಕೂತಿತ್ತು. ಕೈಗವಸಿನ ಬೆರಳಿನಿಂದ ಉಜ್ಜಿದರೆ ನಯವಾಗಿ ಹರಡಿತು, ಹರಳಿನಂತೆ ಚುಚ್ಚುವ ಚೂರು ಒಂದೂ ಇರಲಿಲ್ಲ. ನಯವಾದ ಲೇಪ ಸಹಜ ಸವೆತದ ಗುರುತು, ಚೂರುಗಳಿದ್ದರೆ ಒಳಗೇನೋ ಮುರಿಯುತ್ತಿದೆ ಎಂದರ್ಥ. ಈ ಸುದ್ದಿಯನ್ನು ಪಂಪ್ ಎಂದಿಗೂ ಕೊಡಲಾರದು. ಕೆಲವು ಬೈಕುಗಳಲ್ಲಿ ತಳದ ಮುಚ್ಚಳದ ಹಿಂದೆ ಸ್ಪ್ರಿಂಗ್ ಸಮೇತ ಜಾಲರಿಯೂ ಇರುತ್ತದೆ. ಮೇಲಿಂದಲೇ ಹೀರುವವರು ಅದನ್ನು ತೊಳೆಯುವ ಮಾತೇ ಇಲ್ಲ.

ಪಂಪಿನಿಂದಾಗಿ ನಾನು ಮಾಡಿದ ಇನ್ನೊಂದು ಎಡವಟ್ಟನ್ನೂ ಹೇಳಬೇಕು. ಮೊದಲ ಸಲ, ಎಷ್ಟು ಹೊರಬಂತೆಂದು ನೋಡದೆ, ಕೈಪಿಡಿಯ ಲೆಕ್ಕದಂತೆ ಪೂರ್ತಿ 1 ಲೀಟರ್ ಸುರಿದೆ. ಒಳಗೆ ಉಳಿದದ್ದೂ ಸೇರಿ ಮಟ್ಟ ಮೇಲಿನ ಗೆರೆಯನ್ನು ದಾಟಿತು, ಹೆಚ್ಚಾದ ಆಯಿಲ್ ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗಿ ಅಲ್ಲೆಲ್ಲ ಜಿಡ್ಡಾಯಿತು.

ಇಷ್ಟೆಲ್ಲ ನೋಡಿದ ಮೇಲೆ ನಾನು ಬೋಲ್ಟಿಗೇ ಮರಳಿದ್ದೇನೆ, ಆದರೆ ಹಳೆಯ ರೀತಿಯಲ್ಲಲ್ಲ. ಪಂಪಿಗೆ ಹಾಕಿದ ಹಣವನ್ನು ಅಂದೇ ಟಾರ್ಕ್ ರೆಂಚಿಗೆ (ನಿಗದಿತ ಬಿಗಿ ತಲುಪಿದಾಗ ಕ್ಲಿಕ್ ಎನ್ನುವ ಸ್ಪ್ಯಾನರಿಗೆ) ಹಾಕಿದ್ದರೆ ಈ ಸುತ್ತಾಟವೇ ಬೇಕಿರಲಿಲ್ಲ: ಕೈಪಿಡಿ ನನ್ನ ಬೋಲ್ಟಿಗೆ ಹೇಳುವುದು 24 ನ್ಯೂಟನ್ ಮೀಟರ್, ಕ್ಲಿಕ್ ಎಂದಾಗ ಕೈ ನಿಲ್ಲಬೇಕು, ಅಷ್ಟೇ. ಮೊದಲ ಕೆಲವು ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಬೇಕು. ವಾಷರ್ ಪ್ರತಿ ಸಲ ಹೊಸದಾಗಿರಬೇಕು, ಏಕೆಂದರೆ ಅದು ಒಮ್ಮೆ ಜಜ್ಜಿಕೊಂಡೇ ಸೋರಿಕೆಯನ್ನು ತಡೆಯುವಂಥದ್ದು. ಹಳೆಯ ವಾಷರ್ ಬೋಲ್ಟಿನ ಜೊತೆ ಬರದೆ ಕ್ರ್ಯಾಂಕ್‌ಕೇಸಿಗೇ ಅಂಟಿಕೊಂಡಿರುವುದುಂಟು; ಉಗುರಿನಿಂದ ತಡವಿ ನೋಡದಿದ್ದರೆ ಒಂದರ ಮೇಲೊಂದು ಕೂತು ಸೋರುತ್ತವೆ. ಹೊಸದಾಗಿ ಸುರಿಯುವ ಆಯಿಲಿನ ಡಬ್ಬಿಯ ಮೇಲೆ, ಯಾವ ವಿಧಾನವೇ ಇರಲಿ, ಕೈಪಿಡಿ ಹೇಳಿದ ಗ್ರೇಡಿನ ಜೊತೆಗೆ ಜಾಸೊ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಈ ಗುರುತಿಲ್ಲದ ಕಾರಿನ ಆಯಿಲ್ ಹಾಕಿದರೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಜಾರಬಹುದು.

ಪಂಪನ್ನು ಎಸೆದಿಲ್ಲ. ಕೊನೆಯಲ್ಲಿ ಮಟ್ಟ ನೋಡುವಾಗ ಆಯಿಲ್ ಒಂದಿಷ್ಟು ಹೆಚ್ಚಾಗಿದ್ದರೆ, ಬೋಲ್ಟ್ ಬಿಚ್ಚಿ ಹೊಸ ವಾಷರ್ ಹಾಳುಮಾಡುವ ಬದಲು ಮೇಲಿಂದಲೇ ಹೀರಿ ಸರಿಪಡಿಸಲು ಅದಕ್ಕಿಂತ ಅನುಕೂಲವಾದ ಸಾಧನ ನನ್ನಲ್ಲಿ ಬೇರೆ ಇಲ್ಲ. ಕಳೆದ ಬಾರಿ ಅದು ಹೀರಿದ್ದು 40 ಮಿಲಿಲೀಟರ್.