ತುದಿಗಾಲ ಮಗುವಿನ ಪಾದ ಚಪ್ಪಟೆಯಾದರೆ ಸಾಲದು, ಹಿಮ್ಮಡಿ ಇಳಿದಿದೆಯೇ ನೋಡಿ

ನಾಲ್ಕು ವರ್ಷದ ಹುಡುಗಿ. ಸೆರೆಬ್ರಲ್ ಪಾಲ್ಸಿಯಿಂದ (ಎಳೆಯ ಮಿದುಳಿಗಾದ ಹಾನಿಯಿಂದ ಚಲನೆಗೆ ಬರುವ ತೊಂದರೆ) ಎರಡೂ ಕಾಲು ಬಿಗಿ. ವಾಕರ್ ಹಿಡಿದು ತುದಿಗಾಲಲ್ಲಿ ನಡೆಯುತ್ತಿದ್ದಳು. ಮಕ್ಕಳ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ 8 ತಿಂಗಳು, ವಾರಕ್ಕೆ 5 ದಿನ, ದಿನಕ್ಕೆ 45 ನಿಮಿಷ ಕಾಲು ಎಳೆದರು. ಅಪ್ಪ ಅಮ್ಮ ಬಾಗಿಲಾಚೆ ಕೂರಬೇಕಿತ್ತು. ಕೊನೆಗೆ ‘ನೋಡಿ, ಪಾದ ನೆಲಕ್ಕೆ ಬಂತು’ ಎಂದರು. ಮುಂದಿನಿಂದ ನೋಡಿದರೆ ಬಂದ ಹಾಗೇ ಇತ್ತು. ಹಿಂದೆ ಕೂತು ನೋಡಿದರೆ ಹಿಮ್ಮಡಿ ಹೊರಕ್ಕೆ ವಾಲಿತ್ತು, ಪಾದದ ಒಳಬದಿಯ ಕಮಾನು ಕುಸಿದು ನೆಲಕ್ಕೆ ಒತ್ತಿತ್ತು. ಹಿಮ್ಮಡಿಯ ಕೆಳಗೆ ಕಾಗದ ತೂರಿಸಿದರೆ ಸಲೀಸಾಗಿ ಹೋಗುತ್ತಿತ್ತು. ಮೀನಖಂಡ ಉದ್ದವಾಗಿರಲಿಲ್ಲ, ಪಾದದ ನಡುಭಾಗ ಬಾಗಿಬಿಟ್ಟಿತ್ತು.

ಹೀಗಾಗುವುದಕ್ಕೆ ಕಾರಣ ಕೈ ಇಡುವ ಜಾಗ. ಮೀನಖಂಡದ ಸ್ನಾಯುರಜ್ಜು ಅಂಟಿರುವುದು ಹಿಮ್ಮಡಿಯ ಮೂಳೆಗೆ. ಅಂಗೈಯನ್ನು ಬೆರಳುಗಳ ಬುಡಕ್ಕೆ ಕೊಟ್ಟು ಪಾದವನ್ನು ಮೇಲಕ್ಕೆ ತಳ್ಳಿದರೆ ಬಿಗಿ ಸ್ನಾಯು ಹಿಮ್ಮಡಿಯನ್ನು ಬಿಟ್ಟುಕೊಡುವುದಿಲ್ಲ. ಆಗ ಆ ಒತ್ತಡವೆಲ್ಲ ನಡುಪಾದದ ಎಳೆಯ ಕೀಲುಗಳ ಮೇಲೆ ಬೀಳುತ್ತದೆ, ಮೊದಲು ಮಣಿಯುವುದು ಅವೇ. ದಿನವೂ ಹೀಗೆ ಮಾಡಿದರೆ ಪಾದ ಅಲ್ಲೇ ಬಾಗುವುದು ರೂಢಿಯಾಗುತ್ತದೆ, ಆಮೇಲೆ ಅದನ್ನು ಸರಿಪಡಿಸುವುದು ತುದಿಗಾಲನ್ನು ಸರಿಪಡಿಸುವುದಕ್ಕಿಂತ ಕಷ್ಟ.

ಸರಿಯಾದ ಹಿಡಿತ ಬೇರೆ. ಮಗು ಅಂಗಾತ ಮಲಗಿರಬೇಕು, ಮಂಡಿ ನೆಟ್ಟಗಿರಬೇಕು. ಹಿಮ್ಮಡಿಯನ್ನು ಬೊಗಸೆಯಲ್ಲಿ ಹಿಡಿದಂತೆ ಅಂಗೈಯೊಳಗೆ ತುಂಬಿಕೊಳ್ಳಬೇಕು, ಮುಂಗೈ ಅಂಗಾಲಿನುದ್ದಕ್ಕೂ ಒರಗಿರಬೇಕು. ಮೊದಲು ಹಿಮ್ಮಡಿಯನ್ನು ತುಸು ಒಳಕ್ಕೆ ತಿರುಗಿಸಬೇಕು. ಇದರಿಂದ ನಡುಪಾದದ ಕೀಲುಗಳು ಬಿಗಿಯಾಗಿ ನಿಲ್ಲುತ್ತವೆ, ಬಾಗುವುದಿಲ್ಲ. ಆಮೇಲೆ ಹಿಮ್ಮಡಿಯನ್ನು ಕೆಳಕ್ಕೆ ಎಳೆಯುತ್ತಾ ಮುಂಗೈಯನ್ನು ನಿಧಾನಕ್ಕೆ ಒರಗಿಸಬೇಕು. ಜೋರಾಗಿ ಎಳೆದರೆ ಬಿಗಿತ ಇನ್ನಷ್ಟು ಕೆರಳುತ್ತದೆ. ಪಾದ ಎಷ್ಟು ಡಿಗ್ರಿ ಮೇಲೆ ಬರುತ್ತದೆ ಎನ್ನುವ ಅಳತೆಯನ್ನೂ ಇದೇ ಹಿಡಿತದಲ್ಲಿ ಎರಡು ಸಲ ತೆಗೆಯಬೇಕು: ಮಂಡಿ ನೆಟ್ಟಗಿಟ್ಟು ಒಮ್ಮೆ, ಮಡಿಸಿ ಒಮ್ಮೆ. ಮಡಿಸಿದಾಗ ಪಾದ ಸಲೀಸಾಗಿ ಮೇಲೆ ಬಂದು, ನೆಟ್ಟಗಿಟ್ಟಾಗ ನಿಂತರೆ ಮೀನಖಂಡದ ಮೇಲ್ಪದರದ ಸ್ನಾಯು ಮಾತ್ರ ಬಿಗಿ. ಎರಡರಲ್ಲೂ ನಿಂತರೆ ಒಳಪದರದ್ದೂ ಸೇರಿದೆ. ಇವೆರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ಆ ಮಗುವಿನ ಕಡತದಲ್ಲಿ 8 ತಿಂಗಳಿಗೆ ಒಂದೇ ಒಂದು ಡಿಗ್ರಿ ಅಂಕಿ ಇರಲಿಲ್ಲ. ‘ಸುಧಾರಣೆ ಇದೆ’ ಅನ್ನುವ ಮಾತಷ್ಟೇ ಇತ್ತು.

ಇನ್ನೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸರಿಯಾಗಿ ಎಳೆದರೂ ದಿನಕ್ಕೆ ಕೆಲವು ನಿಮಿಷದ ಎಳೆತದಿಂದ ಸ್ನಾಯು ಉದ್ದವಾಗುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ಹಿಡಿದಿಡುವ ವ್ಯವಸ್ಥೆ ಬೇಕು: ಕೆಲವು ವಾರ ಬದಲಿಸುತ್ತಾ ಹೋಗುವ ಪ್ಲಾಸ್ಟರ್ ಕಟ್ಟು, ಎಎಫ್‌ಒ ಸ್ಪ್ಲಿಂಟ್ (ಪಾದ ಮತ್ತು ಪಾದದ ಗಂಟನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ), ಕೆಲವರಿಗೆ ಜೊತೆಗೆ ಬಿಗಿ ಸ್ನಾಯುವನ್ನು ಕೆಲ ಕಾಲ ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್. ನಡಿಗೆ ಬದಲಾಗಬೇಕಾದರೆ ಮಗು ತಾನೇ ಮಾಡಬೇಕು. ಸಣ್ಣ ಸ್ಟೂಲಿನಿಂದ ಎದ್ದು ನಿಲ್ಲುವುದು, ಮೆಟ್ಟಿಲು ಹತ್ತುವುದು, ಬೇಕಾದ ಆಟಿಕೆಯವರೆಗೆ ನಡೆಯುವುದು, ಇವನ್ನು ದಿನಕ್ಕೆ ಹತ್ತಾರು ಸಲ, ಮನೆಯಲ್ಲೂ. 45 ನಿಮಿಷದಲ್ಲಿ 40 ನಿಮಿಷ ಮಗು ಚಾಪೆಯ ಮೇಲೆ ಮಲಗಿಯೇ ಇದ್ದರೆ ಆ ಹೊತ್ತು ದಂಡ.

ಕುಸಿದ ಪಾದಕ್ಕೇ ಅಳತೆ ತೆಗೆದು ಎಎಫ್‌ಒ ಮಾಡಿಸಿದ್ದು ಎರಡನೆಯ ತಪ್ಪು. ಹಿಮ್ಮಡಿ ಅದರ ತಳದಲ್ಲಿ ಕೂರುತ್ತಲೇ ಇರಲಿಲ್ಲ, ಒಳಬದಿಯ ಉಬ್ಬುಮೂಳೆಯ ಮೇಲೆ ಚರ್ಮ ಕೆಂಪಾಗಿತ್ತು. ಸ್ಪ್ಲಿಂಟ್ ತೆಗೆದು ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಅದು ತಿದ್ದಬೇಕಾದ ಸ್ಪ್ಲಿಂಟ್, ‘ರೂಢಿಯಾಗುತ್ತದೆ’ ಎಂದು ಬಿಡುವಂಥದ್ದಲ್ಲ. ಹಾಕುವಾಗ ಮಂಡಿ ಮಡಿಸಿ, ಹಿಮ್ಮಡಿಯನ್ನು ತಳಕ್ಕೆ ತಾಗಿಸಿ, ಮೊದಲು ಪಾದದ ಗಂಟಿನ ಪಟ್ಟಿಯನ್ನು ಬಿಗಿಯಿರಿ. ಮೀನಖಂಡದ ಪಟ್ಟಿ ಆಮೇಲೆ.

ಎಲ್ಲಕ್ಕಿಂತ ಸಂಕಟವಾಗಿದ್ದು ಸೊಂಟದ ಕೀಲಿನ ವಿಷಯ. ಆ 8 ತಿಂಗಳಲ್ಲಿ ಒಂದೂ ಎಕ್ಸ್‌ರೇ ತೆಗೆಸಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಸುಮಾರು ಮೂವರು ಮಕ್ಕಳಲ್ಲಿ ಒಬ್ಬರಿಗೆ ತೊಡೆಮೂಳೆಯ ತಲೆ ಗುಳಿಯಿಂದ ಜಾರುತ್ತದೆ, ಶುರುವಿನಲ್ಲಿ ನೋವೇ ಇರುವುದಿಲ್ಲ. ಮಗುವಿನ ಓಡಾಟವನ್ನು ಐದು ಹಂತಗಳಲ್ಲಿ ಗುರುತಿಸುವ ಜಿಎಂಎಫ್‌ಸಿಎಸ್ ಅನ್ನುವ ವರ್ಗೀಕರಣ 1997ರಿಂದ ಬಳಕೆಯಲ್ಲಿದೆ. ಸ್ವತಂತ್ರವಾಗಿ ನಡೆಯುವ ಒಂದನೆಯ ಹಂತದಲ್ಲಿ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ, ಐದನೆಯದರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ. ವಾಕರ್ ಹಿಡಿದು ನಡೆಯುವ ಈ ಹುಡುಗಿ ಮೂರನೆಯ ಹಂತ, ಅಂದರೆ 6ರಿಂದ 12 ತಿಂಗಳಿಗೊಮ್ಮೆ ಎಕ್ಸ್‌ರೇ ಆಗಬೇಕಿತ್ತು. ಮೂಳೆಯ ತಲೆ ಶೇ. 30ಕ್ಕಿಂತ ಹೆಚ್ಚು ಗುಳಿಯ ಹೊರಗಿದ್ದರೆ ಮಕ್ಕಳ ಮೂಳೆ ತಜ್ಞರು ನೋಡಲೇಬೇಕು. ಎಕ್ಸ್‌ರೇ ತೆಗೆಯುವಾಗ ಎರಡೂ ಮಂಡಿಚಿಪ್ಪು ಮೇಲ್ಮುಖವಾಗಿರಲಿ, ಕಾಲು ಕತ್ತರಿಯಾಗಿ ಹೆಣೆದುಕೊಂಡರೆ ಅಂಕಿಯೇ ತಪ್ಪಿ ಬರುತ್ತದೆ.

ಮೊದಲ ಭೇಟಿಯಲ್ಲೇ ಕೇಳಿ: ನನ್ನ ಮಗು ಯಾವ ಹಂತ? ಇವತ್ತಿನ ಅಳತೆ ಎಷ್ಟು, ಮೂರು ತಿಂಗಳಲ್ಲಿ ಮಗು ಯಾವ ಒಂದು ಕೆಲಸವನ್ನು ಹೊಸದಾಗಿ ಮಾಡಬೇಕು? ಸೊಂಟದ ಎಕ್ಸ್‌ರೇ ಯಾವಾಗ? ಉತ್ತರವನ್ನು ಬರೆಸಿಕೊಳ್ಳಿ. ಒಳಗೆ ಬಿಡದ ಕಡೆ ಮಗುವನ್ನು ಬಿಟ್ಟು ಬರಬೇಡಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ಕಣ್ಣಾರೆ ನೋಡದೆ ಕಲಿಯಲಾಗದು.

‘ಅಳುವುದು ಸಹಜ, ಎರಡು ದಿನದಲ್ಲಿ ಸರಿಹೋಗುತ್ತದೆ’ ಎಂದು ಆ ಕೇಂದ್ರದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ನಿಲ್ಲಲಾರದ ಮಕ್ಕಳ ಮೂಳೆ ತೆಳುವಾಗಿರುತ್ತದೆ, ಒತ್ತಾಯದಿಂದ ಕಾಲು ಚಾಚಿದರೆ ಮಂಡಿಯ ಮೇಲ್ಭಾಗದಲ್ಲಿ ತೊಡೆಮೂಳೆ ಮುರಿಯಬಹುದು. ಥೆರಪಿಯಿಂದ ಬಂದ ಮೇಲೆ ಮಗು ಡಯಾಪರ್ ಬದಲಿಸುವಾಗ ಚೀರಿದರೆ, ಒಂದು ಕಾಲನ್ನು ಅಲುಗಿಸದಿದ್ದರೆ, ತೊಡೆ ಊದಿ ಬಿಸಿಯಾದರೆ ಉಜ್ಜಬೇಡಿ, ಎಳೆಯಬೇಡಿ. ಕಾಲಿನ ಎರಡೂ ಬದಿ ದಿಂಬಿಟ್ಟು ಅಲುಗದಂತೆ ಮಾಡಿ, ಅವತ್ತೇ ಎಕ್ಸ್‌ರೇ ತೆಗೆಸಿ.