ಬೆನ್ನಿಗೆ ಹಿತ, ಎದೆಗೆ ಅಡ್ಡಿ: ಕಯಾಕ್ ಗಾಳಗಾರರ ಲೈಫ್ ಜಾಕೆಟ್ ಬಳಸಿದ ಅನುಭವ

ಕಯಾಕ್‌ನಲ್ಲಿ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿಯಲ್ಲಿ, ಕುಳಿತು ಮೀನು ಹಿಡಿಯುವವರಿಗೆಂದೇ ತಯಾರಾದ ಈ ಲೈಫ್ ಜಾಕೆಟ್ ನನಗೆ ಹಿಡಿಸಿದ್ದು ಅದರ ಬೆನ್ನಿನ ವಿನ್ಯಾಸದಿಂದ. ಪ್ರವಾಸಿ ದೋಣಿಗಳಲ್ಲಿ ಕೊಡುವ ಕಿತ್ತಳೆ ಬಣ್ಣದ ಜಾಕೆಟ್‌ಗಳಲ್ಲಿ ಬೆನ್ನಿನ ಫೋಮ್ ಸೊಂಟದವರೆಗೆ ಇಳಿದಿರುತ್ತದೆ; ಕಯಾಕ್‌ನ ಸೀಟಿಗೆ ಒರಗಿದೊಡನೆ ಇಡೀ ಜಾಕೆಟ್ ಮೇಲಕ್ಕೆ ಸರಿದು ಗಲ್ಲಕ್ಕೆ ತಾಗುತ್ತದೆ. ಅದರ ಕಿರಿಕಿರಿ ತಾಳಲಾರದೆ ಸ್ವಲ್ಪ ಹೊತ್ತಿನಲ್ಲೇ ಕಳಚಿ ಕಾಲ ಬಳಿ ಇಟ್ಟುಕೊಳ್ಳುವವರೇ ಹೆಚ್ಚು. ಇದರಲ್ಲಾದರೋ ಫೋಮ್ ಹೆಗಲಿನ ಕೆಳಗೆ ಒಂದು ಗೇಣಿನಷ್ಟು ಮಾತ್ರ ಇದ್ದು, ಸೀಟು ತಾಗುವ ಜಾಗದಲ್ಲಿ ತೆಳುವಾದ ಜಾಲರಿ ಬಟ್ಟೆ ಇದೆ. ಬೆಳಿಗ್ಗೆ ತೊಟ್ಟರೆ ದಡಕ್ಕೆ ಬರುವವರೆಗೆ ಅದರ ನೆನಪೇ ಆಗುವುದಿಲ್ಲ.

ನಾನು ಪರವಾನಗಿ ಪಡೆದು ಗಾಳ ಹಾಕುವುದು ಹೆಚ್ಚಾಗಿ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ಇಲ್ಲಿ ಇಂದಿಗೂ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಕೆಲವು ಮೇಲೆ ಕಾಣುತ್ತವೆ; ಅಪಾಯವಿರುವುದು ಕಾಣದ, ನೀರಿನಿಂದ ನಾಲ್ಕು ಬೆರಳು ಕೆಳಗೆ ಉಳಿದ ಬೊಡ್ಡೆಗಳಲ್ಲಿ. ಕಯಾಕ್‌ನ ತಳ ಅದರ ಮೇಲೇರಿ ಒಂದು ಬದಿಗೆ ವಾಲಿದರೆ, ಕಾಲ ಬಳಿ ಇಟ್ಟ ಜಾಕೆಟ್ಟನ್ನು ಎತ್ತಿ ತೊಡುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. "ಈ ಸೆಕೆಯಲ್ಲಿ ಅದನ್ನ ಹಾಕ್ಕೊಂಡು ಹ್ಯಾಗೆ ಕೂರ್ತೀರಿ ಮಾರಾಯ್ರೆ" ಎಂದು ಬಲೆ ಬಿಡುವವರು ನಗುತ್ತಾರೆ. ಏಪ್ರಿಲ್ ಮಧ್ಯಾಹ್ನದಲ್ಲಿ ಬೆವರು ಹರಿಯುವುದು ನಿಜ, ಆದರೆ ತೊಟ್ಟುಕೊಂಡು ಕೂರಲು ಆಗುವ ಜಾಕೆಟ್ ಎಂಬುದಕ್ಕಾಗಿಯೇ ನಾನು ಇದಕ್ಕೆ ಸಾಮಾನ್ಯ ಜಾಕೆಟ್‌ನ ಹಲವು ಪಟ್ಟು ಹಣ ಕೊಟ್ಟಿದ್ದೇನೆ.

ಒಳಗಿನ ಚೀಟಿಯಲ್ಲಿ 50 ನ್ಯೂಟನ್ ಎಂದಿದೆ. ಅಂದರೆ ಸುಮಾರು ಐದು ಕಿಲೋ ತೂಕವನ್ನು ನೀರಿನಲ್ಲಿ ಎತ್ತಿ ಹಿಡಿಯುವ ಬಲ. ಈಜು ಬಲ್ಲ, ಪ್ರಜ್ಞೆ ಇರುವ ವ್ಯಕ್ತಿಗೆ ಅಷ್ಟು ಆಸರೆ ಸಾಕಾಗುತ್ತದೆ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸಲೆಂದು ಇದನ್ನು ಮಾಡಿಲ್ಲ, ಅದಕ್ಕೆ 100 ನ್ಯೂಟನ್ ಅಥವಾ ಹೆಚ್ಚಿನ, ಕೊರಳಪಟ್ಟಿ ಇರುವ ಜಾಕೆಟ್ ಬೇಕು. ಈಜು ಬಾರದ ಗೆಳೆಯರು ಇದರ ಅಂದ ನೋಡಿ ಕೊಳ್ಳಲು ಹೊರಟರೆ ನಾನು ತಡೆಯುತ್ತೇನೆ.

ಇನ್ನು ಜೇಬುಗಳ ವಿಚಾರ. ಜಾಹೀರಾತಿನಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡವು ಎದೆಯ ಮೇಲಿನ ಎರಡು ದೊಡ್ಡ ಜೇಬುಗಳು. ಇಕ್ಕಳ, ಗಾಳದ ಡಬ್ಬಿ, ಕತ್ತರಿ ಎಲ್ಲವೂ ಅವುಗಳಲ್ಲಿ ಹಿಡಿಸುತ್ತವೆ. ಆದರೆ ಕಯಾಕ್‌ನಿಂದ ಬಿದ್ದವರು ಮರಳಿ ಹತ್ತುವುದು ಹೇಗೆ ಎಂಬುದನ್ನು ವಿನ್ಯಾಸ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ. ನೀರಿನಲ್ಲಿ ಮಲಗಿದಂತೆ ಕಾಲು ಬಡಿಯುತ್ತ, ಕಯಾಕ್‌ಗೆ ಅಡ್ಡಲಾಗಿ ಹೊಟ್ಟೆಯನ್ನು ಎಳೆದುಕೊಂಡು, ಬಳಿಕ ಹೊರಳಿ ಕೂರಬೇಕು. ಪ್ರತಿ ವರ್ಷ ಋತುವಿನ ಆರಂಭದಲ್ಲಿ ಎದೆಯುದ್ದದ ನೀರಿನಲ್ಲಿ ನಾನು ಈ ಅಭ್ಯಾಸ ಮಾಡುತ್ತೇನೆ. ಜೇಬು ತುಂಬಿದ್ದಾಗ ಅದು ಕಯಾಕ್‌ನ ಅಂಚಿಗೆ ಸಿಕ್ಕಿಕೊಂಡು, ಮೈಯನ್ನು ಮೇಲೆ ಎಳೆದಷ್ಟೂ ಹಿಂದಕ್ಕೆ ತಳ್ಳುತ್ತದೆ. ದಣಿದವರಿಗೆ, ಅದರಲ್ಲೂ ಗಾಳಿ ಎದ್ದ ಹೊತ್ತಿನಲ್ಲಿ, ಇದು ಸಣ್ಣ ದೋಷವಲ್ಲ. ಮಾರಾಟಗಾರರಿಗೆ ಬರೆದಾಗ ಬಂದ ಉತ್ತರ ಜೇಬಿನ ಅಳತೆಯನ್ನು ಮತ್ತೊಮ್ಮೆ ಕೊಂಡಾಡುವುದರಲ್ಲೇ ಮುಗಿದಿತ್ತು.

ಈಗ ಜೇಬಿನಲ್ಲಿ ಇರುವುದು ಜಲನಿರೋಧಕ ಚೀಲದೊಳಗಿನ ಫೋನ್ ಮಾತ್ರ. ಅದು ಕಯಾಕ್‌ನ ಡಬ್ಬಿಯಲ್ಲಿದ್ದರೆ, ಕಯಾಕ್ ಗಾಳಿಗೆ ತೇಲಿಹೋದಾಗ ಅದರ ಜೊತೆಗೇ ಹೋಗುತ್ತದೆ. ಊದುವ ಸೀಟಿಯನ್ನು ಹೆಗಲಪಟ್ಟಿಗೆ ಕಟ್ಟಿದ್ದೇನೆ. ಕೈಗೆ ಕಾಲಿಗೆ ಸುತ್ತಿದ ದಾರವನ್ನು ಕೊಯ್ಯಲು ತುದಿ ಮೊಂಡಾದ ಚಾಕು ಎಡಗಡೆಯ ಒರೆಯಲ್ಲಿದೆ. ಉಳಿದದ್ದೆಲ್ಲ ಸೀಟಿನ ಹಿಂದಿನ ಡಬ್ಬಿಗೆ ಸೇರಿದೆ.

ಜೇಬಿನ ಮೇಲಿನ ನನ್ನ ಕೋಪವನ್ನು ತಗ್ಗಿಸಿದ್ದು ಮಲೆನಾಡಿನ ಮಳೆಗಾಲ. ಬೂಷ್ಟು ಹಿಡಿಯದ ಚರ್ಮದ ಚಪ್ಪಲಿಯಾಗಲಿ ಪುಸ್ತಕವಾಗಲಿ ನಮ್ಮ ಮನೆಯಲ್ಲಿಲ್ಲ, ಈ ಜಾಕೆಟ್ ಮಾತ್ರ ತಕ್ಕಮಟ್ಟಿಗೆ ತಡೆದುಕೊಂಡಿದೆ. ದಡಕ್ಕೆ ಬಂದ ದಿನ ಸಂಜೆ ಬಾವಿಯ ನೀರಿನಲ್ಲಿ ಜಾಲಿಸಿ, ಜಿಪ್ಪಿನ ಹಲ್ಲುಗಳಲ್ಲಿ ಕೂತ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಜಗಲಿಯ ನೆರಳಿನಲ್ಲಿ ಅಗಲವಾದ ಹ್ಯಾಂಗರಿಗೆ ಹಾಕುತ್ತೇನೆ. ಮನೆಯವರು ಬೇಗ ಒಣಗಲೆಂದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಲು ಹೇಳುತ್ತಾರೆ. ಬಿಸಿಗೆ ಫೋಮ್ ಕೆಡುತ್ತದೆಂದು ನಾನು ಒಪ್ಪುವುದಿಲ್ಲ. ಬಿರುಬಿಸಿಲೂ ಬಟ್ಟೆಯ ಶಕ್ತಿಯನ್ನು ಕುಂದಿಸುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ನಾನು ನೀರಿಗಿಳಿಯುವುದಿಲ್ಲವಾದ್ದರಿಂದ, ಆ ತಿಂಗಳುಗಳಲ್ಲಿ ಜಿಪ್ಪಿಗೆ ಮೇಣದಬತ್ತಿ ಉಜ್ಜಿ, ಭಾರ ಬೀಳದಂತೆ ತೂಗುಹಾಕಿಡುತ್ತೇನೆ. ಇದನ್ನು ದಿಂಬಾಗಿ, ಮಣೆಯಾಗಿ ಬಳಸಿದರೆ ಫೋಮ್ ಅಪ್ಪಚ್ಚಿಯಾಗಿ ತೇಲುವ ಬಲ ಕಡಿಮೆಯಾಗುತ್ತದೆ.

ಕೊಳ್ಳುವವರು ಅಂಗಡಿಯಲ್ಲೇ ಪಟ್ಟಿಗಳನ್ನು ಬಿಗಿದು, ಹೆಗಲ ಭಾಗವನ್ನು ಹಿಡಿದು ಮೇಲಕ್ಕೆ ಎಳೆಯಲು ಜೊತೆಗಿದ್ದವರಿಗೆ ಹೇಳಬೇಕು. ಕಿವಿಯವರೆಗೆ ಏರಿದರೆ ಆ ಅಳತೆ ಸರಿಯಲ್ಲ. ನನ್ನ ಅಳತೆಯಲ್ಲಿ ದೊರೆತದ್ದು ಕಾಡುಹಸಿರು ಬಣ್ಣ ಒಂದೇ, ಹಿನ್ನೀರಿನ ದಡದ ಮರಗಳ ಮುಂದೆ ಮೋಟಾರು ದೋಣಿಯವರಿಗೆ ಕಾಣದಂಥದ್ದು. ಹೆಗಲ ಮೇಲೆ ಮಿನುಗುವ ಪಟ್ಟಿ ಹೊಲಿಸಿಕೊಂಡಿದ್ದೇನೆ. ಹಳದಿ ಅಥವಾ ಕಿತ್ತಳೆ ಬಣ್ಣದಲ್ಲಿ, ಜೇಬು ಚಿಕ್ಕದಾಗಿ, ಇದೇ ಬೆನ್ನಿನೊಂದಿಗೆ ಬಂದರೆ ಇದೇ ಬೆಲೆಗೆ ಮತ್ತೊಂದನ್ನು ಕೊಳ್ಳಲು ಸಿದ್ಧನಿದ್ದೇನೆ.