ಎರಡೂವರೆ ವರ್ಷ ಟ್ಯಾಬ್‌ನಲ್ಲಿ ಇನ್‌ಸ್ಪೆಕ್ಷನ್: ಭೋಸರಿಯ ಶಾಪ್‌ನಲ್ಲಿ ಬಳಸಿ ನೋಡಿದ್ದು

ನಮ್ಮದು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಮಷಿನ್ ಶಾಪ್. ಕಂಪ್ಯೂಟರ್ ನಡೆಸುವ ಹನ್ನೊಂದು ಸಿಎನ್‌ಸಿ ಮಷಿನ್, ಎರಡು ಶಿಫ್ಟ್. ಚಾಕಣ ಕಡೆಗೆ ಹೋಗುವ ಬುಷ್, ಹೌಸಿಂಗ್‌ನಂಥ ಲೋಹದ ಬಿಡಿಭಾಗ ಮಾಡುತ್ತೇವೆ. ಕ್ವಾಲಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಎರಡೂವರೆ ವರ್ಷದಿಂದ ಕಾಗದದ ಚೆಕ್‌ಶೀಟ್ ಬಿಟ್ಟು ಟ್ಯಾಬ್‌ನಲ್ಲಿ ತುಂಬುತ್ತಿದ್ದೇವೆ. ಆ್ಯಪ್ ಹೆಸರು ಬೇಡ, ಬೈಯೋದೂ ಇದೆ. 5ಕ್ಕೆ 3.5 ಕೊಡುತ್ತೇನೆ. ಕಡಿಮೆ ಕೊಟ್ಟ ಒಂದೂವರೆ ಅಂಕದಲ್ಲಿ ಅರ್ಧ ನನ್ನದೇ ತಪ್ಪು.

ಶುರುವಿಗೆ ಕಾಗದದ ಶೀಟನ್ನೇ ಎತ್ತಿ ಆ್ಯಪ್‌ಗೆ ಹಾಕಿದೆ. 42 ಪ್ರಶ್ನೆ. ಎಲ್ಲದಕ್ಕೂ ಓಕೆ, ನಾಟ್ ಓಕೆ. ಅದರಲ್ಲೂ ಓಕೆ ಮೊದಲೇ ಟಿಕ್ ಆಗಿರುತ್ತಿತ್ತು. ಕೂಲಂಟ್ (ಮಷಿನ್ ತಂಪಾಗಿಡುವ ದ್ರವ) ಹತ್ತಿದ ಬೆರಳಿನ ಮಾತು ಸ್ಕ್ರೀನ್ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಸರ್ರಂತ ಕೆಳಗೆ ಜಾರಿಸಿ ಸಬ್ಮಿಟ್ ಒತ್ತುತ್ತಿದ್ದರು. ಮೊದಲ ತಿಂಗಳ ರಿಪೋರ್ಟ್‌ನಲ್ಲಿ ಒಂದೂ ರಿಜೆಕ್ಷನ್ ಇಲ್ಲ! ಇತ್ತ ರಿಜೆಕ್ಷನ್ ಡಬ್ಬಿ ಮಾತ್ರ ತುಂಬಿ ತುಳುಕುತ್ತಿತ್ತು.

ಈಗ ಫಸ್ಟ್ ಪೀಸ್‌ಗೆ, ಅಂದರೆ ಕೆಲಸ ಶುರುವಾದಾಗ ಬರುವ ಮೊದಲ ಪೀಸ್‌ಗೆ, 9 ಪ್ರಶ್ನೆ. ಅಳತೆ ಇದ್ದಲ್ಲಿ ಟಿಕ್ ಇಲ್ಲ, ಅಂಕಿಯೇ ಹಾಕಬೇಕು. ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಸಿಬಿರು) ಇದೆಯಾ ಅಂತ ಕೇಳುವಲ್ಲಿ ಒಳ್ಳೆ ಪೀಸ್, ಕೆಟ್ಟ ಪೀಸ್ ಎರಡರ ಫೋಟೋ ಪಕ್ಕಪಕ್ಕ ಇಟ್ಟಿದ್ದೇನೆ. ಇಷ್ಟು ಬರ್ ನಡೆಯುತ್ತೆ, ನಡೆಯಲ್ಲ ಅನ್ನುವ ಜಗಳ ಅರ್ಧ ಕಮ್ಮಿಯಾಯಿತು.

ನಿಜವಾದ ಪಾಠ ಕಲಿಸಿದ್ದು ಬಣ್ಣ. ನಮ್ಮ ಒಂದು ಪೀಸ್‌ನ ಬೋರ್ (ಒಳಗಿನ ರಂಧ್ರ) ಡ್ರಾಯಿಂಗ್‌ನಲ್ಲಿ 25 ಎಚ್7. ಅಂದರೆ 25.000ರಿಂದ 25.021 ಮಿ.ಮೀ. ಒಳಗಿರಬೇಕು. ಮಿತಿ ದಾಟಿದ ಅಂಕಿ ಹೊಡೆದ ಕೂಡಲೇ ಆ್ಯಪ್‌ನಲ್ಲಿ ಬಾಕ್ಸ್ ಕೆಂಪಾಗುತ್ತದೆ. ಡೆಮೊ ದಿನ ನಮ್ಮ ಮಾಲೀಕರು ಮಾರುಹೋಗಿದ್ದೇ ಇದಕ್ಕೆ. ಒಂದು ಮಧ್ಯಾಹ್ನ ಜಮಖಂಡಿ ಕಡೆಯ ಆಪರೇಟರ್ ಹುಡುಗನ ಹಿಂದೆ ಸುಮ್ನೆ ನಿಂತಿದ್ದೆ. ಬೋರ್ ಗೇಜ್ ಒಳಗಿಟ್ಟು ಅಲ್ಲಾಡಿಸಿ ನೋಡಿದ. 25.024 ಹೊಡೆದ. ಕೆಂಪು. ಕೊನೆಯ ಅಂಕಿ ಅಳಿಸಿ ಸೊನ್ನೆ ಹಾಕಿದ. ಹಸಿರು. ಸಬ್ಮಿಟ್.

"ಯಾಕೋ ತಮ್ಮಾ?" ಅಂದೆ.

"ಸರ್ರ, ಕೆಂಪು ಬಂದ್ರ ಮಷಿನ್ ನಿಲ್ಲಸ್ತೀರಿ. ಪೀಸ್ ಕೌಂಟ್ ಕಮ್ಮಿ ಆದ್ರ ಬೈಸಿಕೊಳ್ಳಾವ ನಾನ."

ಬೈಯೋಕೆ ಬಾಯಿ ಬರಲಿಲ್ಲ. ಫಾರ್ಮೇ ಉತ್ತರ ಹೇಳಿಕೊಡುತ್ತಿತ್ತು, ಅಲ್ವಾ? ಆವತ್ತೇ ಬಣ್ಣ ತೆಗೆದೆ. ಈಗ ಸಬ್ಮಿಟ್ ಆದ ಮೇಲೆ ಅಂಕಿ ಲಾಕ್. ಮಿತಿ ದಾಟಿದ್ದರೆ ನನಗೂ ಸೂಪರ್‌ವೈಸರ್‌ಗೂ ಮೆಸೇಜ್ ಬರುತ್ತದೆ. ತಿದ್ದಬೇಕಾದರೆ ಕಾರಣ ಬರೆಯಬೇಕು. ಆದರೆ ಅಷ್ಟೇ ಸಾಲಲಿಲ್ಲ, ಡ್ರಾಯಿಂಗ್ ಎದುರಿಗೇ ನೇತಾಡುತ್ತಿರುವಾಗ ಮಿತಿ ಯಾರಿಗೆ ಗೊತ್ತಿಲ್ಲ? ಕ್ವಾಲಿಟಿಗಾಗಿ ಮಷಿನ್ ನಿಂತ ಹೊತ್ತನ್ನು ಆಪರೇಟರ್ ಕೌಂಟ್‌ನಿಂದ ಬಿಡಿಸಬೇಕಾಯಿತು. ಪ್ರೊಡಕ್ಷನ್‌ನವರನ್ನು ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಮೊದಲು ಗ್ರಾಫ್‌ನಲ್ಲಿ ಎಲ್ಲ ಬೋರೂ 25.010ರ ಸುತ್ತ ಸಾಲಾಗಿ ನಿಂತಿರುತ್ತಿದ್ದವು. ಈಗ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಂತೆ ಬೋರ್ ಚಿಕ್ಕದಾಗುತ್ತಾ ಬರೋದು ಕಣ್ಣಿಗೆ ಕಾಣುತ್ತದೆ. 25.005 ಹತ್ತಿರ ಬಂದರೆ ಆಫ್‌ಸೆಟ್ ಕೊಡುತ್ತೇವೆ, ಅಂದರೆ ಮಷಿನ್‌ನಲ್ಲಿ ಟೂಲ್ ಜಾಗ ಸ್ವಲ್ಪ ಸರಿಸುತ್ತೇವೆ. ಆ್ಯಪ್‌ನ ದುಡ್ಡು ಹುಟ್ಟಿದ್ದು ಇಲ್ಲೇ.

ಇನ್ನೊಂದು ಮೆಚ್ಚಿದ್ದು, ಗೇಜ್ ಮೇಲಿನ ಕ್ಯೂಆರ್ ಸ್ಕ್ಯಾನ್. ಕ್ಯಾಲಿಬ್ರೇಶನ್ (ಗೇಜ್ ಸರಿ ತೋರಿಸುತ್ತದಾ ಅನ್ನುವ ಪರೀಕ್ಷೆ) ಅವಧಿ ಮುಗಿದ ಗೇಜ್ ಆದರೆ ಫಾರ್ಮ್ ಮುಂದಕ್ಕೇ ಹೋಗಲ್ಲ. 0.02 ಮಿ.ಮೀ.ಗಿಂತ ಸಣ್ಣದನ್ನು ತೋರಿಸದ ವರ್ನಿಯರ್ ಹಿಡಿದು ಎಚ್7 ಬೋರ್ ನೋಡುವ ಮಹಾನುಭಾವರೂ ಅದನ್ನು ಬಿಟ್ಟರು.

ಈಗ ಬೈಗುಳ. ತಗಡಿನ ಶೆಡ್ ಒಳಗೆ ನೆಟ್‌ವರ್ಕ್ ಸಿಗಲ್ಲ. ಆಫ್‌ಲೈನ್‌ನಲ್ಲಿ ಫಾರ್ಮ್ ತುಂಬಬಹುದು, ಸರಿ. ಆದರೆ ಸಿಂಕ್ ಆಗುವವರೆಗೆ ಟ್ಯಾಬ್ ಹಳೇ ಫಾರ್ಮನ್ನೇ ತೋರಿಸುತ್ತದೆ. ಡ್ರಾಯಿಂಗ್ ರಿವಿಜನ್ ಬದಲಾಗಿ ಚಾಂಫರ್ (ಅಂಚಿನ ಓರೆ ಕಡಿತ) 0.5 ಮಿ.ಮೀ. ಇದ್ದದ್ದು 1 ಆಗಿತ್ತು. ಒಂದು ಟ್ಯಾಬ್ ಎರಡು ದಿನ ಹಳೇದರಲ್ಲೇ ಓಕೆ ಕೊಡುತ್ತಾ ಕೂತಿತ್ತು. ನಮ್ಮ ವಾರದ ರಜೆಯಾದ ಗುರುವಾರ ಇಡೀ ಒಳ್ಳೆ, ಕೆಟ್ಟ ಪೀಸ್ ಬೇರ್ಪಡಿಸುವ ಸಾರ್ಟಿಂಗ್‌ಗೆ ಹೋಯಿತು. ಈಗ ಮೊದಲ ಪ್ರಶ್ನೆಯೇ ರಿವಿಜನ್ ನಂಬರ್, ಡ್ರಾಯಿಂಗ್ ನೋಡಿ ಕೈಯಾರೆ ಟೈಪ್ ಮಾಡಬೇಕು.

ಲಾಗಿನ್‌ಗೆ ಇಷ್ಟು ಅಂತ ದುಡ್ಡು ಕೀಳುವುದು ಇನ್ನೊಂದು ತಲೆನೋವು. ಉಳಿಸೋಣ ಅಂತ ಒಂದೇ ಲಾಗಿನ್ ಹಂಚಿಕೊಂಡೆವು. ಅಳೆದವರು ಯಾರು ಅಂತ ಆಡಿಟರ್ ಕೇಳಿದಾಗ ತಲೆ ತಗ್ಗಿಸಬೇಕಾಯಿತು. ಆಮೇಲೆ ಎಲ್ಲರಿಗೂ ಬೇರೆ ಬೇರೆ ತೆಗೆದುಕೊಂಡೆವು. ಮೆನು ಕನ್ನಡದಲ್ಲಿಲ್ಲ, ಮರಾಠಿ, ಹಿಂದಿ ಇದೆ. ನಮ್ಮ ಹುಡುಗರಿಗೆ ಮರಾಠಿ ನಡೆಯುತ್ತದೆ ಬಿಡಿ.

ಮುಂದಿನ ತಿಂಗಳು ರಿನ್ಯೂವಲ್. ಮಾಡಿಸುತ್ತೇವೆ, ಆದರೆ ಇದುವರೆಗಿನ ಅಂಕಿಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಂಡ ಮೇಲೆ.